ಬೋರ್‌ವೆಲ್ ನೀರಲ್ಲಿ ತೊಳೆದ ಕಪ್ಪು ಕಾರು: ಕಲೆ ಬೀಳದಂತೆ, ಗೀರಾಗದಂತೆ ಒಣಗಿಸೋದು ಹೇಗೆ?

ಕರಿಗಾಡಿ:

ಎಲ್ಲರಿಗೂ ನಮಸ್ಕಾರ. ಗಾಡಿ ಕಪ್ಪು ಸೆಡಾನ್, ಒಂದೂವರೆ ವರ್ಷ ಹಳೆಯದು. ಇರೋದು ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್. ಬೇಸ್‌ಮೆಂಟ್‌ನಲ್ಲಿ ತೊಳೆಯೋಕೆ ಬಿಡಲ್ಲ, ಹೊರಗೆ ವಿಸಿಟರ್ ಪಾರ್ಕಿಂಗ್‌ನಲ್ಲಿ ತೊಳೀಬೇಕು. ಬೋರ್‌ವೆಲ್ ನೀರು, ಮೀಟರ್ ಹಿಡಿದರೆ ಟಿಡಿಎಸ್ (ಕರಗಿರೋ ಲವಣದ ಅಳತೆ) 870 ತೋರಿಸುತ್ತೆ. ಕಾರ್ ಶಾಂಪೂ, ಎರಡು ಬಕೆಟ್, ಮೈಕ್ರೋಫೈಬರ್ ಮಿಟ್ ಎಲ್ಲ ಇದೆ. ತೊಳೆಯುವ ತನಕ ಏನೂ ತೊಂದರೆ ಇಲ್ಲ. ಗೋಳು ಶುರುವಾಗೋದು ಆಮೇಲೆ.

ರೂಫ್, ಬಾನೆಟ್ ಒರೆಸೋ ಅಷ್ಟರಲ್ಲಿ ಬಾಗಿಲ ಮೇಲಿನ ಹನಿ ಒಣಗಿ ಬಿಳಿ ಚುಕ್ಕೆ ಆಗಿರುತ್ತೆ. ಬೇಗ ಬೇಗ ಒರೆಸಿದರೆ ಗೀರು. ರಾತ್ರಿ ಪೆಟ್ರೋಲ್ ಬಂಕ್ ಲೈಟ್ ಕೆಳಗೆ ನಿಂತರೆ ಬಾನೆಟ್ ಮೇಲೆ ಪೂರ್ತಿ ಜೇಡರ ಬಲೆಯಂಥ ಸಣ್ಣ ಗೀರು. ಎಲ್ಲ ಮುಗೀತು ಅಂದುಕೊಂಡ ಮೇಲೆ ಸೈಡ್ ಮಿರರ್, ಡೋರ್ ಹ್ಯಾಂಡಲ್ ಒಳಗಿಂದ ನೀರು ಇಳಿದು ಉದ್ದುದ್ದ ಕಲೆ.

ತೊಳೆಯೋದು ಭಾನುವಾರ ಬೆಳಿಗ್ಗೆ 9ರ ಮೇಲೆ. ಈಗ ಬಳಸ್ತಿರೋದು ಹಳದಿ ಶಾಮಿ ಬಟ್ಟೆ (ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತಲ್ಲ, ಅದು). ಮೈಕ್ರೋಫೈಬರ್ ಟವೆಲ್ ತಗೊಳ್ಳೋದಾ, ಬ್ಲೋವರ್ ತಗೊಳ್ಳೋದಾ? ಟವೆಲ್ ಆದರೆ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ)? ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಇದೆಲ್ಲ ತಪ್ಪುತ್ತೆ ಅಂತ ಅಂಗಡಿಯವರು ಹೇಳ್ತಾರೆ, ನಿಜಾನಾ?

---

ನೀರ್‌ಲೆಕ್ಕ:

ಸರ್, ಕಲೆಗೂ ಗೀರಿಗೂ ಕಾರಣ ಬೇರೆ ಬೇರೆ. ನಾನು ಕಲೆಯ ವಿಷಯ ಮಾತ್ರ ಹೇಳ್ತೀನಿ, ಗೀರಿನ ಬಗ್ಗೆ ಇಲ್ಲಿ ನನಗಿಂತ ಬಲ್ಲವರಿದ್ದಾರೆ.

870 ಟಿಡಿಎಸ್ ಅಂದರೆ ಲೀಟರಿಗೆ ಸುಮಾರು 870 ಮಿಲಿಗ್ರಾಂ ಲವಣ. ತೊಳೆದ ಮೇಲೆ ಕಾರಿನ ಮೈಮೇಲೆ ಅರ್ಧ ಲೀಟರ್ ನೀರು ಉಳಿದು ಹಾಗೇ ಒಣಗಿತು ಅಂತಿಟ್ಟುಕೊಳ್ಳಿ. ನೀರು ಆವಿಯಾಗಿ ಹೋಗುತ್ತೆ, 400 ಮಿಲಿಗ್ರಾಂಗೂ ಮೀರಿದ ಲವಣ ಪೇಂಟ್ ಮೇಲೇ ಕೂರುತ್ತೆ. ಅದರಲ್ಲಿ ನಿಮಗೆ ಕಾಟ ಕೊಡೋದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೀರಲ್ಲಿ ಕರಗಿರುವಾಗ ಅವು ಬೈಕಾರ್ಬೊನೇಟ್ ರೂಪದಲ್ಲಿ ಇರುತ್ತವೆ. ಒಣಗುವಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತೆ, ಆಮೇಲೆ ಬರೀ ನೀರಿಗೆ ಕರಗಲ್ಲ. ಗೀಸರ್ ಕಾಯಿಲ್ ಮೇಲೆ ಕೂರೋ ಬಿಳಿ ಪದರವೂ ಇದೇ. ಕುಡಿಯುವ ನೀರಿಗೆ ಬಿಐಎಸ್ ಹೇಳೋ ಸ್ವೀಕಾರಾರ್ಹ ಮಿತಿ 500, ಬೇರೆ ಮೂಲವೇ ಇಲ್ಲದಿದ್ದಾಗ 2,000ದ ತನಕ. ಹಾಗಾಗಿ ನಿಮ್ಮದು ಕುಡಿಯೋಕೆ ತೀರಾ ಕೆಟ್ಟ ನೀರೇನಲ್ಲ, ಆದರೆ ಕಪ್ಪು ಪೇಂಟಿಗೆ ಬಹಳ ಕೆಟ್ಟದ್ದು.

ಬಟ್ಟೆ ಬದಲಾಯಿಸಿದರೆ ಇದು ಅರ್ಧ ಮಾತ್ರ ಸರಿಹೋಗುತ್ತೆ. ಬದಲಾಯಿಸಬೇಕಾದದ್ದು ಕೊನೆಯ ನೀರು. ಸೋಪು ತೊಳೆಯೋದೆಲ್ಲ ಬೋರ್ ನೀರಲ್ಲೇ ಆಗಲಿ. ಅದು ಮುಗಿದ ಕೂಡಲೇ, ಕಾರು ಇನ್ನೂ ಒದ್ದೆ ಇರುವಾಗಲೇ, 5–6 ಲೀಟರ್ ಆರ್‌ಒ ನೀರನ್ನು ಗಿಡಕ್ಕೆ ಸಿಂಪಡಿಸುವ ಕೈಪಂಪ್ ಸ್ಪ್ರೇಯರ್‌ಗೆ ತುಂಬಿ ಮೇಲಿಂದ ಕೆಳಕ್ಕೆ ಹೊಡೀರಿ. ಉದ್ದೇಶ ಕೊಳೆ ತೆಗೆಯೋದಲ್ಲ, ಗಡಸು ನೀರನ್ನು ಕೆಳಕ್ಕೆ ತಳ್ಳೋದು. ಸ್ಪ್ರೇಯರ್ ಹೊಸದಾಗಿರಲಿ. ಕೀಟನಾಶಕ, ಕಳೆನಾಶಕ ಹೊಡೆದದ್ದು ಬೇಡ.

ಆರ್‌ಒ ನೀರಿಗೂ ಮೊದಲು ಮೀಟರ್ ಹಿಡಿದು ನೋಡಿ. 30–60 ಇದ್ದರೆ ಒಳ್ಳೇದು. ಆರ್‌ಒ ಮಷೀನಿನಲ್ಲಿ ಲವಣದ ಮಟ್ಟ ಹೊಂದಿಸೋ ಟಿಡಿಎಸ್ ಕಂಟ್ರೋಲರ್ ಹೆಚ್ಚು ತಿರುಗಿಸಿಟ್ಟಿದ್ದರೆ 150 ದಾಟಿರುತ್ತೆ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಆರ್‌ಒ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಾರಿಗೆ ಬಳಸೋರು ಬಹಳ ಜನ. ನೀರು ಉಳಿಸೋ ಆಸೆ ಸರಿ, ಜಾಗ ತಪ್ಪು. 870ರ ನೀರು ಮೂರು ಲೀಟರ್ ಹೋಗಿ ಒಂದು ಲೀಟರ್ ಶುದ್ಧ ನೀರು ಬಂದರೆ, ಮಿಕ್ಕ ಎರಡು ಲೀಟರಿನಲ್ಲಿ ಟಿಡಿಎಸ್ 1,280ರ ಆಸುಪಾಸು ಇರುತ್ತೆ. ಚಕ್ರಕ್ಕೆ, ಮಡ್‌ಗಾರ್ಡ್ ಒಳಗೆ ಹಾಕಿ. ಪೇಂಟಿಗೆ ಕೊನೇ ನೀರಾಗಿ ಬೇಡವೇ ಬೇಡ.

ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಬಹಳ ಕಡಿಮೆ. ಕಾಯಿಲ್ ಮೇಲಿನ ಧೂಳು, ಲೋಳೆ ಬಂದಿರುತ್ತೆ, ದಪ್ಪ ಬಟ್ಟೆಯಲ್ಲಿ ಸೋಸಿಕೊಂಡರೆ ನಡೆಯುತ್ತೆ.

---

ಪಾಲಿಶ್ ಮೇಷ್ಟ್ರು:

ನೀರ್‌ಲೆಕ್ಕ ಅವರು ಹೇಳಿದ್ದು ಸರಿ. ನಾನು ಗೀರಿಗೆ ಬರ್ತೀನಿ.

ಫ್ಯಾಕ್ಟರಿ ಪೇಂಟ್ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100–140 ಮೈಕ್ರಾನ್. ಮೇಲಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) 40–50 ಇದ್ದರೆ ಹೆಚ್ಚು. ನಿಮಗೆ ಕಾಣೋ ಜೇಡರ ಬಲೆ ಇರೋದು ಆ ಕ್ಲಿಯರ್ ಕೋಟಿನ ಮೇಲ್ಮೈಯಲ್ಲಿ. ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಆ ಪದರ ಒಂದಿಷ್ಟು ಸವೆಯುತ್ತೆ. ಹಾಗಾಗಿ ಗೀರು ಹಾಕಿಸಿಕೊಂಡು ತೆಗೆಸೋದಕ್ಕಿಂತ ಹಾಕದೇ ಇರೋದೇ ಲಾಭ.

ಶಾಮಿ ಬಿಟ್ಟುಬಿಡಿ. ಆ ಹಳದಿ ಬಟ್ಟೆ ಪಿವಿಎ, ಅಂದರೆ ಸ್ಪಂಜಿನಂಥ ಪ್ಲಾಸ್ಟಿಕ್. ನೀರು ಚೆನ್ನಾಗಿ ಹೀರುತ್ತೆ, ಸುಳ್ಳಲ್ಲ. ಆದರೆ ಅದರ ಮೈ ನುಣುಪು, ಎಳೆ ಇಲ್ಲ. ಒಂದು ಮರಳಿನ ಕಣ ಸಿಕ್ಕಿತು ಅಂದರೆ ಒಳಗೆ ಇಳಿಯೋಕೆ ಜಾಗವಿಲ್ಲ, ಬಟ್ಟೆಗೂ ಪೇಂಟಿಗೂ ನಡುವೆ ಸಿಕ್ಕಿಕೊಂಡು ನೀವು ಎಳೆದಷ್ಟು ದೂರ ಗೆರೆ ಹಾಕುತ್ತೆ. ನೀರು ಎಳೆದು ತೆಗೆಯೋ ಸಿಲಿಕೋನ್ ವೈಪರ್ ಬ್ಲೇಡಿನ ಕಥೆಯೂ ಇದೇ. ಅದನ್ನು ಗಾಜಿಗೆ ಇಟ್ಟುಕೊಳ್ಳಿ.

ಟವೆಲ್: ಟ್ವಿಸ್ಟೆಡ್ ಲೂಪ್ (ತಿರುಚಿದ ಕುಣಿಕೆಯಂಥ ಎಳೆಯ) ಮೈಕ್ರೋಫೈಬರ್, 60×90 ಸೆಂ.ಮೀ., 600 ಜಿಎಸ್‌ಎಂ ಮೇಲೆ. 1,000–1,200ರದ್ದು ಸಿಕ್ಕರೆ ಒಂದರಲ್ಲೇ ಇಡೀ ಸೆಡಾನ್ ಮುಗಿಯುತ್ತೆ. ಆದರೆ ನೀರು ಕುಡಿದ ಮೇಲೆ ಅದನ್ನು ಎತ್ತೋದೇ ಕಷ್ಟ, ಹಿಂಡೋದು ಇನ್ನೂ ಕಷ್ಟ. 600–800ರದ್ದು ಎರಡು ತಗೊಳ್ಳಿ ಅಂತ ನನ್ನ ಸಲಹೆ. ಅಂಚಿನ ಹೊಲಿಗೆ ಗಟ್ಟಿ ನೈಲಾನ್ ದಾರದ್ದಾಗಿರಬಾರದು. ಲೇಬಲ್ ಇದ್ದರೆ ಕತ್ತರಿಸಬೇಡಿ, ಹೊಲಿಗೆ ಬಿಚ್ಚಿ ತೆಗೆಯಿರಿ. ಕತ್ತರಿಸಿ ಉಳಿದ ಮೊಂಡು ತುಂಡೂ ಗೀರುತ್ತೆ. ಹೊಸ ಟವೆಲನ್ನು ಒಂದು ಸಲ ಒಗೆದೇ ಬಳಸಿ, ಇಲ್ಲದಿದ್ದರೆ ನೀರು ಹೀರದೆ ಸುಮ್ಮನೆ ತಳ್ಳಿಕೊಂಡು ಹೋಗುತ್ತೆ.

ಇನ್ನು ಕ್ರಮ. ಮೊದಲನೆಯದು ಬಟ್ಟೆ ಮುಟ್ಟಿಸೋದಕ್ಕಿಂತ ಮುಂಚೆ. ಪೈಪಿನ ತುದಿಯ ಗನ್ ತೆಗೆದುಹಾಕಿ, ಬರಿ ಪೈಪನ್ನು ರೂಫ್‌ಗೆ ಒಂದು ಗೇಣು ಹತ್ತಿರ ಹಿಡಿದು ನಿಧಾನ ಧಾರೆ ಬಿಡಿ. ಸ್ಪ್ರೇ ಹೊಡೆದರೆ ನೀರು ಸಾವಿರ ಹನಿಯಾಗಿ ಕೂರುತ್ತೆ. ಧಾರೆ ಬಿಟ್ಟರೆ ಹಾಳೆಯಾಗಿ ಜಾರುತ್ತಾ ಹಿಂದಿನ ಹನಿಗಳನ್ನೂ ಎಳೆದುಕೊಂಡು ಹೋಗುತ್ತೆ. ರೂಫ್, ಗಾಜು, ಬಾನೆಟ್, ಡಿಕ್ಕಿ, ಆಮೇಲೆ ಬದಿಗಳು. ಮೈಮೇಲೆ ವ್ಯಾಕ್ಸ್ ಅಥವಾ ಸೀಲಂಟ್ ಇದ್ದರೆ ಒರೆಸೋಕೆ ಉಳಿಯೋದು ಸ್ವಲ್ಪವೇ. ಆರ್‌ಒ ನೀರು ಹೊಡೆಯೋದು ಇದರ ನಂತರ.

ಟವೆಲನ್ನು ಒಣದಾಗಿ ಶುರು ಮಾಡಬೇಡಿ. ಸ್ವಲ್ಪ ನೀರು ಚಿಮುಕಿಸಿದ ಟವೆಲ್ ಬೇಗ ಹೀರುತ್ತೆ. ಬಾನೆಟ್ ಮೇಲೆ ಪೂರ್ತಿ ಬಿಡಿಸಿ ಹಾಸಿ, ನಿಮ್ಮ ಕಡೆಯ ಎರಡು ಮೂಲೆ ಹಿಡಿದು ನಿಧಾನವಾಗಿ ನಿಮ್ಮತ್ತ ಎಳೆಯಿರಿ. ಕೈ ಟವೆಲ್ ಮೇಲೆ ಇರಬಾರದು, ಅದರ ತೂಕವೇ ಸಾಕು. ಒಂದು ಎಳೆತಕ್ಕೆ ಬಾನೆಟ್ಟಿನ ಅರ್ಧ ಮುಗಿಯುತ್ತೆ. ಹಿಂದೆ ಸಣ್ಣ ಮಂಜಿನಂಥ ತೇವ ಉಳಿದರೆ ಬಿಡಿ, ಅದು ಅರ್ಧ ನಿಮಿಷದಲ್ಲಿ ತಾನೇ ಹಾರುತ್ತೆ. ಅದನ್ನೇ ಮತ್ತೆ ಮತ್ತೆ ಉಜ್ಜೋದರಿಂದಲೇ ಬಹಳಷ್ಟು ಗೀರು ಬೀಳೋದು. ಬಾಗಿಲಿಗೆ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಒತ್ತಿ ಎತ್ತಿ, ಮೇಲಿಂದ ಕೆಳಕ್ಕೆ. ಸುತ್ತು ಸುತ್ತಾಗಿ ತಿರುಗಿಸಬೇಡಿ.

ಬಾಗಿಲ ಕೆಳಗಿನ ಮೂರನೇ ಒಂದು ಭಾಗ, ಬಂಪರಿನ ಕೆಳಭಾಗ, ಸಿಲ್ ಇವಕ್ಕೆ ಬೇರೆ ಬಟ್ಟೆ. ಎಷ್ಟು ತೊಳೆದರೂ ಅಲ್ಲಿ ಕಣ ಉಳಿದಿರುತ್ತೆ. ಒಳ್ಳೆ ಟವೆಲ್ ನೆಲಕ್ಕೆ ಬಿದ್ದರೆ ಆವತ್ತಿಗೆ ಅದು ಚಕ್ರದ ಬಟ್ಟೆ, ಕೊಡವಿ ವಾಪಸ್ ಬಾನೆಟ್ಟಿಗೆ ಹಾಕಬೇಡಿ.

ಪ್ರತಿ ಪ್ಯಾನೆಲ್‌ಗೆ ಒಂದೆರಡು ಸಲ ಕ್ವಿಕ್ ಡೀಟೇಲರ್ (ಪೇಂಟಿಗೆ ಜಾರಿಕೆ, ಹೊಳಪು ಕೊಡೋ ದ್ರವ) ಸ್ಪ್ರೇ ಮಾಡಿ ಟವೆಲ್ ಎಳೆದರೆ ಜಾರಿಕೆ ಚೆನ್ನಾಗಿ ಬರುತ್ತೆ, ಬಾಕಿ ಹನಿಯ ಲವಣವೂ ಬಟ್ಟೆಗೆ ಬರುತ್ತೆ. ಜಾಸ್ತಿ ಹೊಡೆದರೆ ಕಪ್ಪು ಬಣ್ಣದ ಮೇಲೆ ಪಟ್ಟೆ ಪಟ್ಟೆ ಉಳಿಯುತ್ತೆ, ಹುಷಾರು.

ಇಷ್ಟೆಲ್ಲ ಮಾಡಿಯೂ ಗೀರು ಹೆಚ್ಚಾಗ್ತಿದ್ದರೆ ಒಂದು ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಒಂದು ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತು ಹದಿನೈದು ಗಾಡಿ ಒರೆಸೋರು ಇದ್ದಾರಾ? ನಿಮ್ಮದನ್ನೂ ಒರೆಸ್ತಾರಾ? ಹಾಗಿದ್ದರೆ ಭಾನುವಾರದ ನಿಮ್ಮ ಶ್ರಮಕ್ಕೆ ಅರ್ಥವಿಲ್ಲ. ಅವರ ಸಂಪಾದನೆ ಕೀಳಬೇಕಾಗಿಲ್ಲ. ಗಾಜು, ಒಳಗಿನ ಮ್ಯಾಟ್, ಚಕ್ರ ಮಾತ್ರ ಮಾಡಿ, ಪೇಂಟ್ ಮುಟ್ಟಬೇಡಿ ಅಂತ ಹೇಳಿ.

---

ಎರಿಹೊಲ:

ಮೇಷ್ಟ್ರ ಹೇಳಿದ್ದು ಖರೇ ಅದ. ನಾ ಬ್ಲೋವರ್ ಬಗ್ಗೆ ಅಷ್ಟ ಸೇರಸ್ತೀನ್ರಿ.

ಧಾರವಾಡ, ಗದಗ ಕಡೆ ಎರಿಮಣ್ಣಿನ ಧೂಳ ಹೆಂಗ ಅಂದ್ರ, ಒರಸೂದ್ರಾಗನ ಮತ್ತ ಬಂದು ಕೂಡತದ. ಹಂಗಾಗಿ ಮುಟ್ಟೂದು ಎಷ್ಟು ಕಡಿಮಿ ಆದರ ಅಷ್ಟು ಚಲೋ. 600–700 ವ್ಯಾಟಿನ ಕೈ ಬ್ಲೋವರ್ ಸಾಕು. ಇಡೀ ಗಾಡಿ ಅದರಿಂದನ ಒಣಗಸ್ತೀನಿ ಅಂತ ಹೋಗಬ್ಯಾಡ್ರಿ, ಅಷ್ಟು ತಾಕತ್ತು ಅದಕ್ಕಿಲ್ಲ. ಸಂದಿಗೊಂದಿಗೆ ಇಟ್ಕೋರಿ: ಮಿರರ್ ಗಾಜಿನ ಅಂಚು, ಹ್ಯಾಂಡಲ್ ಹಿಂದ, ಪೆಟ್ರೋಲ್ ಮುಚ್ಚಳ, ನಂಬರ್ ಪ್ಲೇಟ್ ಹಿಂದ, ಹೆಡ್‌ಲೈಟ್ ಸಂದಿ, ಗ್ರಿಲ್, ಕಂಪನಿ ಹೆಸರಿನ ಅಕ್ಷರ, ಅಲಾಯ್ ನಟ್ಟಿನ ಕುಳಿ. ಈ ಕೆಲಸ ಟವೆಲ್ ಹಚ್ಚೂಕಿಂತ ಮೊದಲ ಆಗಬೇಕು. ಸಂದಿಯಿಂದ ಹೊರಬಿದ್ದ ನೀರನ್ನ ಆಮ್ಯಾಲ ಟವೆಲ್ ತಗೋತದ. ಉಲ್ಟಾ ಮಾಡಿದ್ರ ಒರಸಿದ ಬಾಗಿಲ ಮ್ಯಾಲ ಮತ್ತ ಹನಿ ಸಿಡೀತದ, ನಿಮಗ ಆಗೂದು ಅದನ.

ಮಿರರ್ ಮಡಚಿ ಒಮ್ಮೆ, ತೆರದು ಒಮ್ಮೆ ಗಾಳಿ ಹೊಡೀರಿ. ಬ್ಲೋವರಿನ ಮೂತಿ ಗಟ್ಟಿ ಪ್ಲಾಸ್ಟಿಕ್, ಪೇಂಟಿಗೆ ಬಡಿದ್ರ ಗಾಯ ಆಗತದ. ತುದಿಗೆ ಒಂದು ತುಂಡು ಸೈಕಲ್ ಟ್ಯೂಬ್ ಹಾಕ್ರಿ. 15–20 ಸೆಂ.ಮೀ. ದೂರ ಹಿಡೀರಿ. ಅದನ್ನ ನೆಲದ ಮ್ಯಾಲ ಇಟ್ಟು ಚಾಲೂ ಮಾಡಬ್ಯಾಡ್ರಿ, ನೆಲದ ಧೂಳ ಜಗ್ಗಿ ಪೇಂಟಿಗೆ ಉಗುಳತದ. ನೀರಿನ ನಡುವ ನಿಂತು ಕರೆಂಟಿನ ಸಾಮಾನು ಹಿಡಿಯೂದು ಇದು, ಪ್ಲಗ್ ಪಾಯಿಂಟಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೂ ಸ್ವಿಚ್) ಇರಲೇಬೇಕು, ಕಾಲಾಗ ರಬ್ಬರ್ ಚಪ್ಪಲಿ.

ಟೈರ್ ಅಂಗಡಿ ಕಂಪ್ರೆಸರ್ ಗಾಳಿ ಪುಕ್ಕಟೆ ಸಿಗತದ ಅಂತ ಬಳಸಬ್ಯಾಡ್ರಿ. ಫಿಲ್ಟರ್ ಇಲ್ಲದ ಕಂಪ್ರೆಸರಿನಿಂದ ಎಣ್ಣಿ ಮತ್ತ ನೀರಿನ ತುಂತುರು ಕೂಡೇ ಬರತದ.

ಇನ್ನ ನೀರು ಕಡಿಮಿ ಇದ್ದವರಿಗೆ ರಿನ್ಸ್‌ಲೆಸ್ ವಾಶ್ (ಆಮ್ಯಾಲ ನೀರು ಹಾಕಿ ತೊಳಿಯೂ ಅಗತ್ಯ ಇಲ್ಲದ ದ್ರವ) ಚಲೋ. 4 ಲೀಟರ್ ನೀರಿಗೆ 15 ಮಿ.ಲೀ. ಹಾಕೂ ಥರದ್ದು ಬರತಾವ (ಬಾಟಲಿ ಮ್ಯಾಲಿನ ಪ್ರಮಾಣ ನೋಡ್ಕೋರಿ). ಒಂದು ಪ್ಯಾನೆಲ್ ಒರಸೂದು, ಅದನ್ನ ಅಲ್ಲೇ ಒಣಗಸೂದು, ಮುಂದಕ್ಕ ಹೋಗೂದು. ಬ್ಯಾರೆ ಪ್ಯಾನೆಲ್ ಒದ್ದಿನ ಆಗಿರೂದಿಲ್ಲ, ಹಿಂಗಾಗಿ ಕಲಿ ಬೀಳೂ ಪ್ರಶ್ನೆನ ಇಲ್ಲ. ಆ ನಾಲ್ಕು ಲೀಟರ್ ಆರ್‌ಒ ನೀರನ ಹಾಕ್ರಿ. ಕೆಸರು ಗಟ್ಟಿ ಕುಂತಿದ್ರ ಮಾತ್ರ ಈ ದಾರಿ ಬ್ಯಾಡ, ಮೊದಲ ನೀರು ಹೊಡದು ಕೆಸರು ಇಳಿಸಬೇಕು.

---

ಕರಿಗಾಡಿ:

ಎಲ್ಲರಿಗೂ ಧನ್ಯವಾದ. ಹೌದು ಮೇಷ್ಟ್ರೇ, ದಿನಾ ಒರೆಸೋರು ಇದ್ದಾರೆ, ನಾಳೆಯಿಂದಲೇ ಗಾಜಿಗೆ ಮಾತ್ರ ಅಂತ ಹೇಳ್ತೀನಿ.

ಇನ್ನೂ ಮೂರು ಸಂದೇಹ. ಒಂದು, ಸೊಸೈಟಿಯವರು ಸಾಫ್ಟ್‌ನರ್ ಹಾಕಿಸ್ತಿದ್ದಾರೆ, ಆಗ ಆರ್‌ಒ ನೀರು ಬೇಕಾ? ಎರಡು, ಎಸ್‌ಟಿಪಿ (ಶುದ್ಧೀಕರಿಸಿದ ಕೊಳಚೆ) ನೀರಿನ ಲೈನ್ ಪಾರ್ಕಿಂಗ್ ಹತ್ತಿರವೇ ಇದೆ, ಅದರಲ್ಲಿ ತೊಳೀಬಹುದಾ? ಮೂರು, ಬಾನೆಟ್ ಮೇಲೆ ಈಗಾಗಲೇ ಕೂತಿರೋ ಚುಕ್ಕೆಗಳು ಶಾಂಪೂಗೆ ಹೋಗ್ತಿಲ್ಲ. ನಿಂಬೆಹಣ್ಣು ಉಜ್ಜಿ ಅಂತ ಒಬ್ಬರು ಅಂದರು.

---

ನೀರ್‌ಲೆಕ್ಕ:

ಸಾಫ್ಟ್‌ನರ್ ಟಿಡಿಎಸ್ ಕಡಿಮೆ ಮಾಡಲ್ಲ ಸರ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲು ಸೋಡಿಯಂ ಬಿಡುತ್ತೆ, ಅಷ್ಟೇ. ಮೀಟರ್ ಹಿಡಿದರೆ ಆಗಲೂ 870ರ ಹತ್ತಿರವೇ ತೋರಿಸುತ್ತೆ, ಮೋಸ ಆಯ್ತು ಅಂದುಕೊಳ್ಳಬೇಡಿ. ಒಣಗಿದರೆ ಕಲೆ ಆಗಲೂ ಬೀಳುತ್ತೆ, ಆದರೆ ಸೋಡಿಯಂ ಲವಣ ನೀರಿಗೆ ಕರಗೋದರಿಂದ ಒದ್ದೆ ಟವೆಲ್‌ಗೆ ಹೋಗುತ್ತೆ. ಅಂದರೆ ತಪ್ಪಾದರೂ ತಿದ್ದಿಕೊಳ್ಳಬಹುದು. ಕಪ್ಪು ಗಾಡಿಗೆ ಆರ್‌ಒ ನೀರಿನ ಕೊನೇ ಸುತ್ತು ಆಗಲೂ ಇಟ್ಟುಕೊಳ್ಳಿ, ಐದು ಲೀಟರ್ ದೊಡ್ಡದೇನಲ್ಲ.

ಎಸ್‌ಟಿಪಿ ನೀರು ಚಕ್ರ, ತಳಭಾಗಕ್ಕೆ ಸರಿ. ಶುದ್ಧೀಕರಣದಲ್ಲಿ ಕೊಳೆ ಹೋಗುತ್ತೆ, ಕರಗಿದ ಲವಣ ಹೋಗಲ್ಲ, ಮನೆಗಳ ಸೋಪು ಉಪ್ಪು ಸೇರಿ ಜಾಸ್ತಿಯೇ ಆಗಿರುತ್ತೆ. ಹೈಪ್ರೆಷರ್ ಗನ್‌ನಲ್ಲಿ ತುಂತುರು ಮಾಡಿ ಉಸಿರಿಗೆ ಎಳೆದುಕೊಳ್ಳೋದೂ ಒಳ್ಳೇದಲ್ಲ.

ಹೊಸಬರಿಗೆ ಒಂದು ಮಾಹಿತಿ: ಬೆಂಗಳೂರಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯೋದನ್ನು ಜಲಮಂಡಳಿ 2024ರ ಮಾರ್ಚ್‌ನಲ್ಲಿ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು, 2025ರ ಬೇಸಿಗೆ ಹತ್ತಿರವಾದಾಗ ಮತ್ತೆ ಅದೇ ಆದೇಶ ಬಂತು. ಕಾವೇರಿ ಪೈಪು ಹಿಡಿಯೋ ಮುಂಚೆ ಆ ವರ್ಷದ ಆದೇಶ ನೋಡಿಕೊಳ್ಳಿ. ಎರಿಹೊಲ ಅವರು ಹೇಳಿದ ರಿನ್ಸ್‌ಲೆಸ್ ಕ್ರಮ ಬೇಸಿಗೆಗೆ ಸರಿಯಾದದ್ದು.

---

ಪಾಲಿಶ್ ಮೇಷ್ಟ್ರು:

ನಿಂಬೆಹಣ್ಣು ಬೇಡ. ಹುಳಿ ಎಷ್ಟಿದೆ ಅಂತ ಗೊತ್ತಾಗಲ್ಲ, ತಿರುಳು ಅಂಟುತ್ತೆ, ಮೇಲಾಗಿ ಎಲ್ಲರೂ ಮಾಡೋದು ಹೋಳು ಹಿಡಿದು ಉಜ್ಜೋದು. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ತಗೊಳ್ಳಿ, ಸಾಮಾನ್ಯವಾಗಿ 4–5 ಶೇಕಡಾ ಅಸಿಟಿಕ್ ಆಮ್ಲ ಇರುತ್ತೆ. ಒಂದಕ್ಕೆ ಒಂದು ಆರ್‌ಒ ನೀರು ಬೆರೆಸಿ.

ತೊಳೆದ, ತಣ್ಣಗಿರುವ ಬಾನೆಟ್, ನೆರಳು. ಮೊದಲು ಮೂಲೆಯಲ್ಲಿ ಅಂಗೈ ಅಗಲ ಜಾಗಕ್ಕೆ ಪ್ರಯೋಗ. ಮೈಕ್ರೋಫೈಬರ್ ತುಂಡನ್ನು ಆ ಮಿಶ್ರಣದಲ್ಲಿ ಅದ್ದಿ ಚುಕ್ಕೆ ಮೇಲೆ ಸುಮ್ಮನೆ ಹಾಸಿ, ಒಂದರಿಂದ ಎರಡು ನಿಮಿಷ. ಒಣಗೋಕೆ ಬಿಡಬಾರದು. ಬಟ್ಟೆ ಎತ್ತಿ, ಒತ್ತದೆ ಒಂದು ಸಲ ಒರೆಸಿ, ಧಾರಾಳ ನೀರು ಹಾಕಿ, ಶಾಂಪೂ ನೀರಿನಲ್ಲಿ ತೊಳೆಯಿರಿ. ಆ ಭಾಗದ ವ್ಯಾಕ್ಸ್ ಅಷ್ಟಿಷ್ಟು ಹೋಗಿರುತ್ತೆ, ಮತ್ತೆ ಹಚ್ಚಬೇಕು. ಎರಡು ಸಲ ಮಾಡಿದರೂ ಹೋಗದಿದ್ದರೆ ನಿಲ್ಲಿಸಿ. ಬೆರಳಿನ ಉಗುರಿನ ಬೆನ್ನಿಂದ ಮೆಲ್ಲಗೆ ಸವರಿ ನೋಡಿ: ಉಬ್ಬು ಸಿಕ್ಕರೆ ಲವಣ ಇನ್ನೂ ಇದೆ, ವಾಟರ್ ಸ್ಪಾಟ್ ರಿಮೂವರ್ ಕೆಲಸ ಮಾಡುತ್ತೆ. ನುಣ್ಣಗಿದ್ದೂ ಉಂಗುರ ಕಾಣ್ತಿದ್ದರೆ ಅದು ಕ್ಲಿಯರ್ ಕೋಟನ್ನೇ ಕೊರೆದಿದೆ. ಅದಕ್ಕೆ ಆಮ್ಲ ಸುರಿದು ಪ್ರಯೋಜನವಿಲ್ಲ, ಪಾಲಿಶೇ ಗತಿ. ಅದೂ ಮೊದಲು ಪೇಂಟ್ ಗೇಜ್‌ನಲ್ಲಿ ದಪ್ಪ ಅಳೆಯೋ ಕಡೆ ಮಾಡಿಸಿ.

ಇನ್ನೊಂದು: ಪಾರ್ಕಿಂಗ್ ನೆಲ ಕಡಪ ಕಲ್ಲೋ ಮಾರ್ಬಲ್ಲೋ ಆಗಿದ್ದರೆ ವಿನೆಗರ್ ತೊಟ್ಟಿಕ್ಕೋ ಮುಂಚೆ ನೆಲಕ್ಕೆ ಚೆನ್ನಾಗಿ ನೀರು ಹಾಕಿ. ಎರಡೂ ಸುಣ್ಣದ ಅಂಶದ ಕಲ್ಲು, ಕಾರಿನ ಚುಕ್ಕೆ ಹೋಗಿ ನೆಲದ ಮೇಲೆ ಮಂಕು ಮಚ್ಚೆ ಉಳಿಯುತ್ತೆ.

ಸೆರಾಮಿಕ್ ಬಗ್ಗೆ ಕೇಳಿದ್ದಿರಿ. ಕೋಟಿಂಗ್ ಮಾಡಿದ ಮೇಲೆ ನೀರು ಬೇಗ ಜಾರುತ್ತೆ, ಒಣಗಿಸೋದು ಸುಲಭ, ಅದು ನಿಜ. ಆದರೆ ಜಾರದೆ ಉಳಿದ ಹನಿ ಗುಂಡಗೆ ಎತ್ತರವಾಗಿ ನಿಲ್ಲುತ್ತೆ, ಅದರ ಲವಣವೆಲ್ಲ ಒಂದೇ ಸಣ್ಣ ಜಾಗದಲ್ಲಿ ಒಣಗುತ್ತೆ. ಬೋರ್ ನೀರಲ್ಲಿ ತೊಳೆದು ಬಿಸಿಲಿಗೆ ಬಿಟ್ಟ ಕೋಟಿಂಗ್ ಗಾಡಿಯ ಮೇಲೆ ಚುಕ್ಕೆ ಇನ್ನೂ ಎದ್ದು ಕಾಣುತ್ತೆ. ಒರೆಸೋ ಕೆಲಸದಿಂದ ಬಿಡುಗಡೆ ಅಂತ ಹಣ ಹಾಕಬೇಡಿ.

ಟವೆಲ್ ಒಗೆಯೋದು ಮರೆತಿದ್ದೆ. ಹತ್ತಿ ಬಟ್ಟೆ ಜೊತೆ ಹಾಕಬೇಡಿ, ನೂಲೆಲ್ಲ ಅಂಟುತ್ತೆ. ಲಿಕ್ವಿಡ್ ಡಿಟರ್ಜೆಂಟ್ ಸ್ವಲ್ಪ, 40 ಡಿಗ್ರಿ ಒಳಗಿನ ನೀರು. ಬ್ಲೀಚ್ ಇಲ್ಲ, ಫ್ಯಾಬ್ರಿಕ್ ಕಂಡೀಷನರ್ ಇಲ್ಲವೇ ಇಲ್ಲ, ಅದು ಎಳೆಗೆ ಪದರ ಕಟ್ಟಿ ಹೀರೋ ಗುಣ ಕೊಲ್ಲುತ್ತೆ. ಕೊನೆಗೆ ಒಂದು ಮಗ್ ಆರ್‌ಒ ನೀರಲ್ಲಿ ಅದ್ದಿ ಹಿಂಡಿ ನೆರಳಲ್ಲಿ ಹರವಿ. 870ರ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಟವೆಲ್ ಹಪ್ಪಳವಾಗುತ್ತೆ, ಆಮೇಲೆ ಅದೇ ಗೀರುತ್ತೆ.

---

ಎರಿಹೊಲ:

ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ಒಂಬತ್ತು ಗಂಟೆ ಅಂದ್ರ ತಡಾ ಆತು. 6:30ಕ್ಕ ಶುರು ಮಾಡ್ರಿ. ಇಲ್ಲಾ ಸಂಜಿ 5ರ ಮ್ಯಾಲ, ಬಾನೆಟ್ ಮ್ಯಾಲ ಅಂಗೈ ಹಿಂಭಾಗ ಇಟ್ರ ತಣ್ಣಗ ಹತ್ತಬೇಕು. ಹೊರಗ ಅಡ್ಡಾಡಿ ಬಂದಿದ್ರ ಇಂಜಿನ್ ಆರೂತನಕ ಅರ್ಧ ಪೌಣ ತಾಸು ಬಿಡ್ರಿ.

ಒರಸಿದ್ದು ಮುಗದ ಮ್ಯಾಲ ಗಾಡಿ ಹಂಗ ನಿಲ್ಲಸಬ್ಯಾಡ್ರಿ. ಐದು ನಿಮಿಷ ಓಡಿಸಿ, ನಾಲ್ಕೈದು ಸಲ ಹಗೂರಕ ಬ್ರೇಕ್ ಹಾಕ್ರಿ. ಡಿಸ್ಕ್ ಒಣಗತದ, ತುಕ್ಕು ಹಿಡಿದು ಪ್ಯಾಡ್ ಅಂಟೂದಿಲ್ಲ. ವಾಪಸ್ ಬಂದು ಮಿರರ್ ಕೆಳಗ, ಡಿಕ್ಕಿ ಅಂಚಿನಾಗ ಇಳಿದ ನೀರು ಒಂದು ಸಣ್ಣ ಬಟ್ಟಿಲೆ ತಗದುಬಿಡ್ರಿ. ಬಾಗಿಲು ತೆರದು ಒಳಗಿನ ಚೌಕಟ್ಟೂ ಒರಸ್ರಿ.

---

ಕರಿಗಾಡಿ:

ನೆರಳಿಗೆ ಹೊಂಗೆ ಮರದ ಕೆಳಗೆ ನಿಲ್ಲಿಸಿ ತೊಳೀಬಹುದಾ? ಕಾಂಪೌಂಡ್ ಪಕ್ಕ ಒಂದಿದೆ.

---

ಪಾಲಿಶ್ ಮೇಷ್ಟ್ರು:

ಬೇಡ. ಬೇಸಿಗೆಯಲ್ಲಿ ಹೂ ಉದುರಿ ಒದ್ದೆ ಪೇಂಟಿಗೆ ಅಂಟುತ್ತೆ, ಹುಳುಗಳ ಅಂಟು ದ್ರವ ಬೀಳುತ್ತೆ, ಹಕ್ಕಿ ಬೇರೆ. ಕಟ್ಟಡದ ಪಶ್ಚಿಮದ ಗೋಡೆ ಪಕ್ಕ ಹಾಕಿಕೊಳ್ಳಿ, ಎತ್ತರದ ಅಪಾರ್ಟ್‌ಮೆಂಟ್ ಆದರೆ ಬೆಳಿಗ್ಗೆ 9ರ ತನಕವೂ ಅಲ್ಲಿ ನೆರಳಿರುತ್ತೆ. ಸಂಜೆ ತೊಳೆಯೋದಾದರೆ ಪೂರ್ವದ ಕಡೆ.